ಗಾಡಿ ಏಕೆ ಎಳೆಯುವುದಿಲ್ಲ?

ಜ್ವರವೆಂಬುದು ರೋಗವಲ್ಲ, ರೋಗದ ಕುರುಹು ಎಂಬುದನ್ನು ವೈದ್ಯರು ಬಲ್ಲರು. ಮಲೇರಿಯದಿಂದಲೂ ಜ್ವರ ಬರುತ್ತದೆ, ಗಾಯ ಕೀವುಗಟ್ಟಿದರೂ ಜ್ವರ ಬರುತ್ತದೆ. ಮೈ ಬಿಸಿಯಾಗಿದೆಯೆಂದ ಮಾತ್ರಕ್ಕೆ ಎಲ್ಲರಿಗೂ ಒಂದೇ ಮದ್ದನ್ನು ಕೊಡುವವನ ಬಳಿಗೆ ಎರಡನೆಯ ಸಲ ಯಾರೂ ಹೋಗುವುದಿಲ್ಲ. ಮೋಟಾರು ಕಾರಿಗೂ ಇಂಥದೊಂದು ಜ್ವರವುಂಟು. "ಪಿಕಪ್ ಇಲ್ಲ," "ಗಾಡಿ ಎಳೆಯುತ್ತಿಲ್ಲ" ಎಂದು ಚಾಲಕರು ಹೇಳಿಕೊಳ್ಳುವ ದೂರು ಅದೇ. ಪೆಡಲನ್ನು ಒತ್ತಿದರೆ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಏರುದಾರಿ ಬಂದೊಡನೆ ಗೇರನ್ನು ಒಂದೊಂದಾಗಿ ಇಳಿಸಬೇಕಾಗುತ್ತದೆ. ಈ ಒಂದು ಲಕ್ಷಣಕ್ಕೆ ಹತ್ತಾರು ಕಾರಣಗಳಿರಬಹುದು. ಅವುಗಳಲ್ಲಿ ಯಾವುದು ನಿಜವಾದುದೆಂದು ಕಂಡುಹಿಡಿಯುವುದು ಹೇಗೆ? ಅದೃಷ್ಟದಿಂದಲ್ಲ, ಅಳತೆಯಿಂದ ಮತ್ತು ತರ್ಕದಿಂದ. ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರವು ಇಲ್ಲಿ ಎಷ್ಟು ದೂರ ನಮ್ಮನ್ನು ಕರೆದೊಯ್ಯಬಲ್ಲುದು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಕಾರಿನ ನಿತ್ರಾಣವನ್ನು ಕೇವಲ ಅನನುಕೂಲವೆಂದು ತಳ್ಳಿಹಾಕುವಂತಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದಿಂದ ಸಾಗುತ್ತಿರುವ ಲಾರಿಯ ಹಿಂದೆ ಅದೇ ವೇಗದಿಂದ ಬರುತ್ತಿರುವ ಒಂದು ಕಾರನ್ನು ಭಾವಿಸಿಕೊಳ್ಳಿ. ಲಾರಿಯನ್ನು ದಾಟಿ ಮತ್ತೆ ಎಡಕ್ಕೆ ಸೇರಬೇಕಾದರೆ ಕಾರು ಲಾರಿಗಿಂತ ಸುಮಾರು 40 ಮೀಟರ್ ಹೆಚ್ಚಾಗಿ ಸಾಗಬೇಕು. ಪ್ರತಿ ಸೆಕೆಂಡು ಕಳೆದಂತೆ ಕಾರಿನ ವೇಗವು ಸೆಕೆಂಡಿಗೆ 1.25 ಮೀಟರಿನಂತೆ ಏರುವುದಾದರೆ ಇದಕ್ಕೆ 8 ಸೆಕೆಂಡು ಸಾಕು. ಈ ವೇಗೋತ್ಕರ್ಷವು 0.8 ಮೀಟರಿಗೆ ಇಳಿದಿದ್ದರೆ 10 ಸೆಕೆಂಡು ಬೇಕು. ಎರಡು ಸೆಕೆಂಡು ಅಲ್ಪವೆಂದು ತೋರಬಹುದು. ಆದರೆ ಎದುರಿನಿಂದ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬಸ್ಸೊಂದು ಬರುತ್ತಿದ್ದರೆ, ಮೊದಲನೆಯ ಸಂದರ್ಭದಲ್ಲಿ ಕಾರಿಗೂ ಬಸ್ಸಿಗೂ ನಡುವೆ 262 ಮೀಟರ್ ತೆರವು ಬೇಕು. ಎರಡನೆಯದರಲ್ಲಿ 318 ಮೀಟರ್ ಬೇಕು. ಕಾರು ದಿನದಿಂದ ದಿನಕ್ಕೆ ನಿಧಾನವಾಗಿ ಸೊರಗುತ್ತ ಬಂದಿರುವುದರಿಂದ ಚಾಲಕನ ಕಣ್ಣು ಹಳೆಯ ಲೆಕ್ಕವನ್ನೇ ಹಾಕುತ್ತಿರುತ್ತದೆ. ಆ 56 ಮೀಟರುಗಳ ಕೊರತೆಯಲ್ಲಿ ಪ್ರಾಣವೇ ಹೋಗಬಹುದು.

ಸಾಮರ್ಥ್ಯವೆಂದರೇನು?

ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರು ಪದಗಳನ್ನು ದಿನಬಳಕೆಯಲ್ಲಿ ನಾವು ಒಂದರ ಬದಲಿಗೆ ಇನ್ನೊಂದನ್ನು ಉಪಯೋಗಿಸುತ್ತೇವೆ. ವಿಜ್ಞಾನದಲ್ಲಿ ಇವು ಬೇರೆಬೇರೆ. ತಳ್ಳುವುದು ಬಲ, ತಳ್ಳಿ ಸರಿಸಿದ ಒಟ್ಟು ಕೆಲಸಕ್ಕೆ ತಗಲುವುದು ಶಕ್ತಿ, ಆ ಕೆಲಸವನ್ನು ಎಷ್ಟು ಬೇಗ ಮಾಡಲಾಯಿತು ಎಂಬುದೇ ಸಾಮರ್ಥ್ಯ. ಜೇಮ್ಸ್ ವಾಟನು ಕುದುರೆಗಳಿಗೆ ಹೋಲಿಸಿ ಬಳಕೆಗೆ ತಂದ ಅಶ್ವಶಕ್ತಿಯು ಸಾಮರ್ಥ್ಯದ ಮಾನ. ಅದು 746 ವಾಟುಗಳಿಗೆ ಸಮ.

ಜನರೂ ಸೇರಿ 1,000 ಕಿಲೋಗ್ರಾಂ ತೂಗುವ ಒಂದು ಕಾರು ನಿಂತಲ್ಲಿಂದ ಹೊರಟು ಗಂಟೆಗೆ 72 ಕಿಲೋಮೀಟರ್ ವೇಗವನ್ನು ಮುಟ್ಟಿದಾಗ ಅದರ ಚಲನಶಕ್ತಿ 2 ಲಕ್ಷ ಜೂಲ್. ಇದನ್ನು 10 ಸೆಕೆಂಡಿನಲ್ಲಿ ಒದಗಿಸಬೇಕಾದರೆ ಸರಾಸರಿ 20 ಕಿಲೋವಾಟ್, ಎಂದರೆ ಸುಮಾರು 27 ಅಶ್ವಶಕ್ತಿ, ಚಕ್ರಗಳಿಗೆ ತಲುಪಬೇಕು. ಮೂರರಲ್ಲಿ ಎರಡು ಪಾಲು ಮಾತ್ರ ತಲುಪಿದರೆ 15 ಸೆಕೆಂಡು ಹಿಡಿಯುತ್ತದೆ.

ಇನ್ನು ಘಟ್ಟದ ಮಾತು. 12 ಮೀಟರ್ ಸಾಗಿದರೆ 1 ಮೀಟರ್ ಏರುವ ದಾರಿಯಲ್ಲಿ ಇದೇ ಕಾರು ಗಂಟೆಗೆ 36 ಕಿಲೋಮೀಟರ್ ವೇಗದಿಂದ ಹತ್ತಬೇಕಾದರೆ, ಭಾರವನ್ನು ಮೇಲಕ್ಕೆತ್ತುವುದಕ್ಕಾಗಿಯೇ ಸುಮಾರು 11 ಅಶ್ವಶಕ್ತಿ ಬೇಕು. ಸಮತಟ್ಟಾದ ರಸ್ತೆಯಲ್ಲಿ ಅದೇ ವೇಗವನ್ನು ಉಳಿಸಿಕೊಳ್ಳಲು 2 ಅಥವಾ 3 ಅಶ್ವಶಕ್ತಿಯಿದ್ದರೆ ಸಾಕು. ಊರೊಳಗೆ ಚೆನ್ನಾಗಿಯೇ ಓಡುತ್ತಿದ್ದ ಗಾಡಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಏದುಸಿರು ಬಿಡುವುದೇಕೆಂಬುದು ಇದರಿಂದ ತಿಳಿಯುತ್ತದೆ. ಘಟ್ಟವು ರೋಗವನ್ನು ಹುಟ್ಟಿಸುವುದಿಲ್ಲ. ಸಮತಟ್ಟಾದ ರಸ್ತೆಯು ಮುಚ್ಚಿಟ್ಟಿದ್ದ ರೋಗವನ್ನು ಹೊರಗೆಡಹುತ್ತದೆ.

ಹುಟ್ಟುತ್ತಿಲ್ಲವೋ, ತಲುಪುತ್ತಿಲ್ಲವೋ?

ಪರೀಕ್ಷಕನು ಕೇಳಬೇಕಾದ ಮೊದಲ ಪ್ರಶ್ನೆ ಇದು: ಸಾಮರ್ಥ್ಯವು ಎಂಜಿನ್ನಿನಲ್ಲಿ ಹುಟ್ಟುತ್ತಲೇ ಇಲ್ಲವೋ, ಅಥವಾ ಹುಟ್ಟಿದ್ದು ಚಕ್ರಕ್ಕೆ ತಲುಪದೆ ನಡುವೆ ಸೋರಿಹೋಗುತ್ತಿದೆಯೋ? ಈ ಒಂದು ಪ್ರಶ್ನೆಯು ಕಾರಣಗಳ ರಾಶಿಯನ್ನು ಎರಡಾಗಿ ಸೀಳಿಬಿಡುತ್ತದೆ.

ಉತ್ತರವು ಚಾಲಕನ ಕಣ್ಣೆದುರಿಗೇ ಇದೆ. ಗೇರುಗಳ ಹಲ್ಲುಗಳ ಲೆಕ್ಕವು ಮಾರ್ಪಡದಿರುವುದರಿಂದ, ಕ್ಲಚ್ಚು ಬಿಗಿಯಾಗಿ ಹಿಡಿದಿರುವಾಗ ಒಂದು ಗೇರಿನಲ್ಲಿ ಎಂಜಿನ್ನಿನ ಸುತ್ತುಗಳಿಗೂ ರಸ್ತೆಯ ವೇಗಕ್ಕೂ ಇರುವ ಪ್ರಮಾಣ ಸ್ಥಿರವಾಗಿರಲೇಬೇಕು. ಮೇಲಿನ ಗೇರಿನಲ್ಲಿ ಪೆಡಲನ್ನು ಒತ್ತಿದಾಗ ಸುತ್ತುಗಳನ್ನು ತೋರಿಸುವ ಮುಳ್ಳು ಸರ್ರನೆ ಮೇಲೇರಿ, ವೇಗವನ್ನು ತೋರಿಸುವ ಮುಳ್ಳು ಹಿಂದೆಯೇ ಉಳಿದರೆ, ಕ್ಲಚ್ಚಿನ ತಟ್ಟೆಯು ಜಾರುತ್ತಿದೆಯೆಂದು ತಿಳಿಯಬೇಕು. ಸುಟ್ಟ ವಾಸನೆಯೂ ಬಂದರೆ ಸಂದೇಹವೇ ಉಳಿಯುವುದಿಲ್ಲ. ಇಂಥ ಕಾರಿನ ಎಂಜಿನ್ನನ್ನು ಬಿಚ್ಚಿ ನೋಡುವುದು ವ್ಯರ್ಥ.

ಎರಡು ಮುಳ್ಳುಗಳೂ ಜೊತೆಯಾಗಿಯೇ, ಆದರೆ ಬಲು ಮೆಲ್ಲಗೆ ಏರುತ್ತಿದ್ದರೆ, ಬ್ರೇಕನ್ನು ಪರೀಕ್ಷಿಸಬೇಕು. ತುಕ್ಕು ಹಿಡಿದು ಸಿಕ್ಕಿಕೊಂಡ ಬ್ರೇಕು ಚಕ್ರವನ್ನು ಸದಾ ಸವರುತ್ತಲೇ ಇರಬಹುದು. ಬ್ರೇಕು ಒತ್ತದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕು ಚಕ್ರಗಳ ಬಳಿಗೂ ಅಂಗೈಯನ್ನು ತಂದು ಶಾಖವನ್ನು ಹೋಲಿಸಿ ನೋಡಿ. ಮುಟ್ಟಬೇಡಿ, ಕೈ ಸುಟ್ಟೀತು. ಒಂದು ಚಕ್ರ ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಎಂಜಿನ್ನಿನ ಸಾಮರ್ಥ್ಯವು ಅಲ್ಲಿ ಘರ್ಷಣೆಯಿಂದ ಶಾಖವಾಗಿ ಮಾರ್ಪಡುತ್ತಿದೆ ಎಂದೇ ಅರ್ಥ. ಟಯರುಗಳ ಗಾಳಿ ಕಡಿಮೆಯಾಗಿದ್ದರೂ ಫಲ ಇಂಥದೇ. ಇಷ್ಟನ್ನು ನೋಡಲು ಒಂದು ಕಾಸೂ ಖರ್ಚಾಗುವುದಿಲ್ಲ.

ಎಂಜಿನ್ನಿನ ಊಟ

ಸಾಗಿಸುವ ಭಾಗಗಳೆಲ್ಲ ಸರಿಯಾಗಿವೆಯೆಂದಾದರೆ ದೋಷ ಎಂಜಿನ್ನಿನಲ್ಲಿಯೇ ಇದೆ. 1876ರಲ್ಲಿ ಜರ್ಮನಿಯ ನಿಕೊಲಸ್ ಆಟೋ ರೂಪಿಸಿದ ನಾಲ್ಕು ಹೊಡೆತಗಳ ಕ್ರಮವೇ ಇಂದಿನ ಪೆಟ್ರೋಲು ಎಂಜಿನ್ನುಗಳಲ್ಲಿಯೂ ನಡೆದುಬಂದಿದೆ: ಉಸಿರನ್ನು ಒಳಗೆ ಎಳೆದುಕೊಳ್ಳುವುದು, ಅದನ್ನು ಅದುಮುವುದು, ಕಿಡಿ ಹೊತ್ತಿಸಿ ಸುಡುವುದು, ಹೊಗೆಯನ್ನು ಹೊರಕ್ಕೆ ನೂಕುವುದು. ಹಾಗಾಗಿ ಎಂಜಿನ್ನಿಗೆ ಬೇಕಾದವು ಐದು. ಸಾಕಷ್ಟು ಗಾಳಿ, ತಕ್ಕಷ್ಟು ಇಂಧನ, ಸಕಾಲದ ಕಿಡಿ, ಸೋರದ ಸಿಲಿಂಡರು, ಹೊಗೆಗೆ ತೆರೆದ ದಾರಿ. ಸಾಮರ್ಥ್ಯ ಕುಂದಿದೆಯೆಂದರೆ ಈ ಐದರಲ್ಲಿ ಒಂದು ಕುಂದಿದೆ.

ಇವುಗಳಲ್ಲಿ ಗಾಳಿಯ ಪಾಲು ಎಷ್ಟೆಂಬುದನ್ನು ಅನೇಕರು ಊಹಿಸಿರಲಾರರು. 1 ಕಿಲೋಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಗಾತ್ರದ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರು ಪೆಟ್ರೋಲಿನ ಜೊತೆಗೆ ಸುಮಾರು 9,000 ಲೀಟರು ಗಾಳಿ ಖರ್ಚಾಗುತ್ತದೆ. ನಾವು ಬೆಲೆ ಕೊಟ್ಟು ಕೊಳ್ಳುವುದು ಪೆಟ್ರೋಲನ್ನು. ಆದರೆ ಎಂಜಿನ್ನು ಮುಖ್ಯವಾಗಿ ಗಾಳಿಯನ್ನು ನುಂಗುವ ಯಂತ್ರ. ಬಯಲುಸೀಮೆಯ ಕೆಂಧೂಳಿನಲ್ಲಿ ಓಡಾಡಿದ ಕಾರಿನ ಗಾಳಿಶೋಧಕದಲ್ಲಿ ಮಣ್ಣು ತುಂಬಿಕೊಂಡರೆ, ಅಥವಾ ಬಹುದಿನ ನಿಂತಿದ್ದ ಕಾರಿನ ಶೋಧಕದ ಪೆಟ್ಟಿಗೆಯಲ್ಲಿ ಇಲಿಯೊಂದು ಗೂಡು ಕಟ್ಟಿದರೆ, ಎಂಜಿನ್ನಿನ ಮೂಗು ಕಟ್ಟಿದಂತೆಯೇ ಸರಿ.

ಗಾಳಿಯ ಕೊರತೆಗೆ ಯಾರದೂ ತಪ್ಪಿಲ್ಲದ ಒಂದು ಕಾರಣವೂ ಉಂಟು. ಮಂಗಳೂರಿನ ಕಡಲ ದಂಡೆಗಿಂತ ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ; ಅಲ್ಲಿ ವಾಯುಭಾರವು ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯು 1,930 ಮೀಟರ್ ಎತ್ತರವಿದ್ದು, ಅಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆ. ಸಿಲಿಂಡರಿನ ಗಾತ್ರ ಅಷ್ಟೇ ಇದ್ದರೂ ಅದರೊಳಗೆ ಬರುವ ಆಮ್ಲಜನಕ ಕಡಿಮೆ. ಆದುದರಿಂದ ಸಾಮರ್ಥ್ಯವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಟರ್ಬೊ ಜೋಡಿಸಿದ ಎಂಜಿನ್ನುಗಳಲ್ಲಿ ಗಾಳಿಯನ್ನು ಒತ್ತಿ ತುಂಬುವುದರಿಂದ ಈ ನಷ್ಟ ಬಹಳಮಟ್ಟಿಗೆ ತುಂಬಿಬರುತ್ತದೆ. ಆದರೆ ಟರ್ಬೊದ ರಬ್ಬರು ಕೊಳವೆ ಎಲ್ಲಿಯಾದರೂ ಬಿರಿದರೆ ಒತ್ತಿದ ಗಾಳಿ ಹೊರಕ್ಕೆ ಸೋರಿ ಎಂಜಿನ್ನು ಒಮ್ಮೆಗೇ ಸೊರಗುತ್ತದೆ. ಆಗ ಪೆಡಲನ್ನು ಒತ್ತಿದಾಗಲೆಲ್ಲ ಬುಸುಗುಟ್ಟುವ ಸದ್ದು ಕೇಳಿಸುವುದುಂಟು.

ನಿಂತಾಗ ಆರೋಗ್ಯ, ಏರುವಾಗ ಕಾಯಿಲೆ

"ನಿಂತಾಗ ಎಂಜಿನ್ನು ನಯವಾಗಿ ಓಡುತ್ತದಲ್ಲ, ಹಾಗಾದರೆ ಪೆಟ್ರೋಲು ಸರಿಯಾಗಿಯೇ ಬರುತ್ತಿರಬೇಕು" ಎಂಬ ವಾದವನ್ನು ಆಗಾಗ್ಗೆ ಕೇಳುತ್ತೇವೆ. ಈ ವಾದ ನಿಲ್ಲುವುದಿಲ್ಲ. ನಿಂತಲ್ಲಿಯೇ ಓಡುವ ಸಣ್ಣ ಕಾರಿನ ಎಂಜಿನ್ನಿಗೆ ಗಂಟೆಗೆ ಒಂದು ಲೀಟರಿಗಿಂತಲೂ ಕಡಿಮೆ ಪೆಟ್ರೋಲು ಸಾಕು. ಅದೇ ಎಂಜಿನ್ನು ತನ್ನ 80 ಅಶ್ವಶಕ್ತಿಯನ್ನೂ ಕೊಡಬೇಕಾದಾಗ ಗಂಟೆಗೆ ಸುಮಾರು 25 ಲೀಟರಿನ ಗತಿಯಲ್ಲಿ ಪೆಟ್ರೋಲು ಹರಿದುಬರಬೇಕು. ಅರೆಮುಚ್ಚಿದ ನಲ್ಲಿಯಿಂದ ಲೋಟ ತುಂಬುತ್ತದೆ, ಬೆಂಕಿ ಆರಿಸುವುದಾಗುವುದಿಲ್ಲ. ಸೋಸುವ ಜಾಲರಿ ಕಟ್ಟಿಕೊಂಡಿದ್ದರೂ ಪಂಪು ದುರ್ಬಲವಾಗಿದ್ದರೂ ಎಂಜಿನ್ನು ನಿಂತಾಗ ಆರೋಗ್ಯವಾಗಿದ್ದು ಏರಿನಲ್ಲಿ ಮಾತ್ರ ಬಳಲುತ್ತದೆ. ಹಾಗಾಗಿ ಇಂಧನದ ಒತ್ತಡವನ್ನು ಎಂಜಿನ್ನು ದುಡಿಯುತ್ತಿರುವಾಗಲೇ ಅಳೆಯಬೇಕು.

ಕಿಡಿಯ ವಿಷಯದಲ್ಲಿಯೂ ಇದೇ ವಿಚಿತ್ರವುಂಟು. 1889ರಲ್ಲಿ ಫ್ರೀಡ್ರಿಕ್ ಪಾಶನ್ ಎಂಬ ಜರ್ಮನ್ ವಿಜ್ಞಾನಿ ಅನಿಲಗಳಲ್ಲಿ ವಿದ್ಯುತ್ತಿನ ಕಿಡಿ ಹಾರುವ ನಿಯಮವನ್ನು ಪ್ರಕಟಿಸಿದನು. ಕಿಡಿ ಹಾರಲು ಬೇಕಾದ ವೋಲ್ಟೇಜು ಅನಿಲದ ಒತ್ತಡವನ್ನೂ ತುದಿಗಳ ನಡುವಣ ಅಂತರವನ್ನೂ ಅವಲಂಬಿಸಿದೆ. ಎಂಜಿನ್ನಿನಲ್ಲಿರುವಂಥ ಒತ್ತಡಗಳಲ್ಲಿ ಇವೆರಡರಲ್ಲಿ ಯಾವುದು ಹೆಚ್ಚಿದರೂ ವೋಲ್ಟೇಜು ಹೆಚ್ಚಬೇಕು. ಪೆಡಲನ್ನು ಒತ್ತಿದಾಗ ಸಿಲಿಂಡರಿನೊಳಗೆ ಗಾಳಿ ದಟ್ಟವಾಗಿ ತುಂಬುತ್ತದೆ. ಒಂದು ಮಿಲಿಮೀಟರಿನಷ್ಟು ಇರಬೇಕಾದ ಪ್ಲಗ್ಗಿನ ಅಂತರ ಸವೆದು ಅಗಲವಾಗಿದ್ದರೆ, ಅಥವಾ ಕಾಯಿಲು ದುರ್ಬಲವಾಗಿದ್ದರೆ, ಆ ಹೊತ್ತಿನಲ್ಲಿಯೇ ಕಿಡಿ ತಪ್ಪುತ್ತದೆ. ಮೆಕ್ಯಾನಿಕ್ಕುಗಳು "ಮಿಸ್ಸಿಂಗ್" ಎನ್ನುವುದು ಇದನ್ನೇ. ನಾಲ್ಕು ಸಿಲಿಂಡರುಗಳಲ್ಲಿ ಒಂದು ಮಲಗಿದರೆ ಉಳಿದ ಮೂರು ಅದನ್ನೂ ಹೊತ್ತು ಸಾಗಬೇಕು.

ಸಿಲಿಂಡರು ಸೋರುತ್ತಿದೆಯೋ ಎಂಬುದಕ್ಕೆ ಸರಳವಾದ, ಆದರೆ ಅಂದವಾದ ಪರೀಕ್ಷೆಯೊಂದುಂಟು. ಪ್ಲಗ್ಗನ್ನು ತೆಗೆದು ಆ ರಂಧ್ರಕ್ಕೆ ಒತ್ತಡಮಾಪಕವನ್ನು ಜೋಡಿಸಿ ಎಂಜಿನ್ನನ್ನು ಸುತ್ತಿಸಿದರೆ, ಅದುಮಿದ ಗಾಳಿಯ ಒತ್ತಡ ತಿಳಿಯುತ್ತದೆ. ಆರೋಗ್ಯವಾದ ಪೆಟ್ರೋಲು ಎಂಜಿನ್ನಿನಲ್ಲಿ ಇದು ಸಾಮಾನ್ಯವಾಗಿ ವಾಯುಭಾರದ ಹತ್ತು ಹನ್ನೆರಡು ಪಟ್ಟು ಇರುತ್ತದೆ. ಸಿಲಿಂಡರುಗಳ ನಡುವೆ ಹೆಚ್ಚಿನ ಅಂತರವಿರಕೂಡದು. ಒಂದರಲ್ಲಿ ಕಡಿಮೆಯಿದ್ದರೆ ಅದರೊಳಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೊಮ್ಮೆ ಅಳೆಯಬೇಕು. ಒತ್ತಡ ಏರಿದರೆ ಪಿಸ್ಟನ್ನಿನ ಉಂಗುರಗಳು ಸವೆದಿವೆ. ಎಣ್ಣೆಯು ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿದೆ. ಒತ್ತಡ ಏರದಿದ್ದರೆ ಸೋರಿಕೆಯು ಎಣ್ಣೆ ತಲುಪದ ಕಡೆ, ಹೆಚ್ಚಾಗಿ ಮೇಲಿನ ಕವಾಟದಲ್ಲಿದೆ. ಒಂದು ಚಮಚ ಎಣ್ಣೆಯು ಎಂಜಿನ್ನನ್ನು ಬಿಚ್ಚದೆಯೇ ಅದರೊಳಗನ್ನು ತೋರಿಸಿಬಿಟ್ಟಿತು!

ಗಣಕದ ಸಾಕ್ಷ್ಯ

ಹಿಂದಿನ ಕಾರುಗಳಿಗಿಲ್ಲದ ಒಂದು ನೆರವು ಇಂದಿನವುಗಳಿಗೆ ಇದೆ. ಎಂಜಿನ್ನಿನೊಳಕ್ಕೆ ಹೋಗುವ ಗಾಳಿಯನ್ನೂ ಹೊರಬರುವ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನೂ ಸಂವೇದಕಗಳು ಎಡೆಬಿಡದೆ ಅಳೆಯುತ್ತವೆ. ಸಣ್ಣದೊಂದು ಗಣಕವು ಅವುಗಳನ್ನು ನೋಡಿ ಇಂಧನವನ್ನು ತಿದ್ದುತ್ತದೆ, ದೋಷ ಕಂಡಾಗ ಒಂದು ಸಂಕೇತವನ್ನು ಬರೆದಿಡುತ್ತದೆ, ಚಾಲಕನ ಮುಂದೆ ಹಳದಿ ದೀಪವನ್ನು ಹೊತ್ತಿಸುತ್ತದೆ. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾದ ಈ ಎರಡನೆಯ ಹಂತದ ವ್ಯವಸ್ಥೆಯು ಭಾರತದಲ್ಲಿ 2013ರಿಂದ ಜಾರಿಗೆ ಬಂದಿತು. ದೋಷವು ತೀವ್ರವಾಗಿದ್ದರೆ ಗಣಕವು ತಾನಾಗಿಯೇ ಎಂಜಿನ್ನಿನ ಸಾಮರ್ಥ್ಯವನ್ನು ಮೊಟಕುಗೊಳಿಸುವುದೂ ಉಂಟು.

ಆದರೆ ಸಂಕೇತವು ಸಾಕ್ಷಿಯ ಹೇಳಿಕೆಯೇ ಹೊರತು ನ್ಯಾಯಾಧೀಶನ ತೀರ್ಪಲ್ಲ. 'ಪಿ 0171' ಎಂಬ ಸಂಕೇತದ ಅರ್ಥ, ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆಯಾಗಿದೆ ಎಂದಷ್ಟೆ. ಈ ಸುದ್ದಿಯನ್ನು ತಂದದ್ದು ಆಮ್ಲಜನಕದ ಸಂವೇದಕ. ಅದನ್ನೇ ಕಿತ್ತು ಹೊಸದನ್ನು ಹಾಕುವುದು, ಕೆಟ್ಟ ಸುದ್ದಿ ತಂದ ಅಂಚೆಯವನನ್ನು ಬದಲಾಯಿಸಿದಂತೆ. ಗಣಕವು ಎಷ್ಟು ಇಂಧನವನ್ನು ಹೆಚ್ಚಾಗಿ ಸೇರಿಸುತ್ತಿದೆ ಎಂಬ ಅಂಕೆಯನ್ನು ಎರಡು ಸ್ಥಿತಿಗಳಲ್ಲಿ ಓದಿದರೆ ನಿಜ ಹೊರಬೀಳುತ್ತದೆ. ಎಂಜಿನ್ನು ನಿಂತಲ್ಲೇ ಓಡುವಾಗ ಅಂಕೆ ದೊಡ್ಡದಾಗಿದ್ದು, ವೇಗ ಏರಿದಂತೆ ಇಳಿದರೆ, ಒಳಗಾಳಿಯ ಕೊಳವೆಯಲ್ಲಿ ಬಿರುಕಿದೆ. ಏಕೆಂದರೆ ಥ್ರಾಟಲ್ ಮುಚ್ಚಿರುವಾಗ ಕೊಳವೆಯೊಳಗೆ ನಿರ್ವಾತ ಹೆಚ್ಚು, ಒಳಹೋಗುವ ಒಟ್ಟು ಗಾಳಿ ಸ್ವಲ್ಪ. ಆಗ ಬಿರುಕಿನಿಂದ ನುಗ್ಗುವ ಗಾಳಿಯ ಪಾಲು ದೊಡ್ಡದು. ಥ್ರಾಟಲ್ ತೆರೆದಾಗ ಆ ಪಾಲು ಲೆಕ್ಕಕ್ಕೇ ಬಾರದಷ್ಟು ಚಿಕ್ಕದು. ಇದಕ್ಕೆ ವಿರುದ್ಧವಾಗಿ, ಕೆಲಸ ಹೆಚ್ಚಿದಂತೆ ಅಂಕೆಯೂ ಏರಿದರೆ ಇಂಧನವೇ ಸಾಲದಾಗಿದೆ, ಅಥವಾ ಗಾಳಿಯನ್ನು ಅಳೆಯುವ ಸಂವೇದಕಕ್ಕೆ ಕೊಳೆ ಹಿಡಿದು ಅದು ಕಡಿಮೆ ಲೆಕ್ಕ ಹೇಳುತ್ತಿದೆ.

ಒಂದು ಉದಾಹರಣೆ

ನನ್ನ ಸಹೋದ್ಯೋಗಿಯೊಬ್ಬರ ಪೆಟ್ರೋಲು ಕಾರಿನ ಕಥೆ ಇಲ್ಲಿ ಹೇಳತಕ್ಕದ್ದು. ಮೊದಲು ಏರಿನಲ್ಲಿ ಅದು ಆಗಾಗ ಜಗ್ಗುತ್ತಿತ್ತು. ಹಳದಿ ದೀಪ ಮಿನುಗುತ್ತಿತ್ತು. ಹಾಗೆಯೇ ಎರಡು ತಿಂಗಳು ಓಡಿಸಿದರು. ಬಳಿಕ ಕಾಯಿಲೊಂದನ್ನು ಬದಲಾಯಿಸಿದ ಮೇಲೆ ಜಗ್ಗುವುದು ನಿಂತಿತು. ಆದರೆ ಕೆಲವು ವಾರಗಳಲ್ಲಿ ಎಳೆತವೇ ಕುಂದತೊಡಗಿತು. ಕಾರ್ಖಾನೆಯೊಂದರಲ್ಲಿ ಇಂಜೆಕ್ಟರುಗಳನ್ನು ತೊಳೆದರು, ಹೊಸ ಪ್ಲಗ್ಗುಗಳನ್ನು ಹಾಕಿದರು, ಕೊನೆಗೆ ಪೆಟ್ರೋಲಿನ ಪಂಪನ್ನೇ ಬದಲಾಯಿಸಿದರು. ಮೂರು ಬಿಲ್ಲುಗಳಾದವು, ಗಾಡಿ ಮಾತ್ರ ಎಳೆಯಲಿಲ್ಲ.

ಹಳಬರಾದ ಇನ್ನೊಬ್ಬ ಮೆಕ್ಯಾನಿಕ್ಕು ಯಾವ ಭಾಗವನ್ನೂ ಕೊಳ್ಳುವುದಕ್ಕೆ ಮೊದಲು ಒಂದು ನಿರ್ವಾತಮಾಪಕವನ್ನು ಹೊರತೆಗೆದರು. ಎಂಜಿನ್ನಿನ ಒಳಗಾಳಿಯ ಕೊಳವೆಗೆ ಜೋಡಿಸುವ ಈ ಉಪಕರಣವು ಸಮುದ್ರಮಟ್ಟದಲ್ಲಿ, ಆರೋಗ್ಯವಾದ ಎಂಜಿನ್ನು ನಿಂತಲ್ಲೇ ಓಡುವಾಗ, ಸುಮಾರು 43ರಿಂದ 53 ಸೆಂಟಿಮೀಟರ್ ಪಾದರಸವನ್ನು ತೋರಿಸುತ್ತದೆ. ಬೆಂಗಳೂರಿನ ಎತ್ತರದಲ್ಲಿ ಏಳೆಂಟು ಸೆಂಟಿಮೀಟರ್ ಕಡಿಮೆ. ಆ ಕಾರಿನಲ್ಲಿ ಮುಳ್ಳು ಮೊದಲು ಸರಿಯಾಗಿಯೇ ನಿಂತಿತು. ಸುತ್ತುಗಳನ್ನು ನಿಮಿಷಕ್ಕೆ 2,500ಕ್ಕೆ ಏರಿಸಿ ಹಾಗೆಯೇ ಹಿಡಿದಾಗ ಅದು ಸ್ಥಿರವಾಗಿ ನಿಲ್ಲದೆ ಮೆಲ್ಲಮೆಲ್ಲಗೆ ಇಳಿಯತೊಡಗಿತು. ಎಂಜಿನ್ನಿನ ಹೊಗೆಗೆ ಹೊರಹೋಗಲು ದಾರಿಯಿಲ್ಲ, ಅದು ಹಿಂದಕ್ಕೆ ಒತ್ತುತ್ತಿದೆ ಎಂಬುದರ ಕುರುಹು ಇದು. ಮುಂಭಾಗದ ಆಮ್ಲಜನಕ ಸಂವೇದಕವನ್ನು ಬಿಚ್ಚಿ ಆ ರಂಧ್ರದಲ್ಲಿ ಒತ್ತಡವನ್ನು ಅಳೆದಾಗ ಅನುಮಾನ ದೃಢವಾಯಿತು.

ಕಟ್ಟಿಕೊಂಡಿದ್ದುದು ಕ್ಯಾಟಲಿಟಿಕ್ ಕನ್ವರ್ಟರ್. ಪ್ಲಾಟಿನಂ, ಪಲೇಡಿಯಂ, ರೋಡಿಯಂ ಎಂಬ ಅಮೂಲ್ಯ ಲೋಹಗಳನ್ನು ಲೇಪಿಸಿದ, ಜೇನುಹುಟ್ಟಿನಂಥ ಪಿಂಗಾಣಿಯ ಗಟ್ಟಿ ಅದರೊಳಗಿದೆ. ವಿಷಾನಿಲಗಳನ್ನು ಮಾರ್ಪಡಿಸುವುದು ಅದರ ಕೆಲಸ. ಕಿಡಿ ತಪ್ಪುತ್ತಿದ್ದ ಎರಡು ತಿಂಗಳು, ಸಿಲಿಂಡರಿನಲ್ಲಿ ಸುಡದೆ ಉಳಿದ ಪೆಟ್ರೋಲು ಅದರೊಳಗೆ ಬಂದು ಉರಿದಿತ್ತು. ಆ ಉರಿಗೆ ಹುಟ್ಟಿನ ಕಣ್ಣುಗಳು ಕರಗಿ ಮುಚ್ಚಿಹೋಗಿದ್ದವು. ಮಿನುಗುವ ಹಳದಿ ದೀಪವು ಎಚ್ಚರಿಸುವುದು ಇದನ್ನೇ. ಸ್ಥಿರವಾಗಿ ಉರಿಯುವ ದೀಪವು "ಬೇಗ ತೋರಿಸು" ಎಂದರೆ, ಮಿನುಗುವ ದೀಪವು "ಈಗಲೇ ಪೆಡಲನ್ನು ಸಡಿಲಿಸು" ಎನ್ನುತ್ತದೆ. ಒಂದು ಕಾಯಿಲಿನ ಅನೇಕ ಪಟ್ಟು ಬೆಲೆಯ ಕನ್ವರ್ಟರನ್ನು ನನ್ನ ಸಹೋದ್ಯೋಗಿಯು ಕೊಳ್ಳಬೇಕಾಯಿತು. ಪೆಟ್ರೋಲಿನ ಪಂಪಿನಲ್ಲಿ ದೋಷವೇ ಇರಲಿಲ್ಲ.

ಪರೀಕ್ಷೆಯ ಕ್ರಮ

ಈ ಕಥೆಯಿಂದ ತಿಳಿಯುವ ನಿಯಮ ಇಷ್ಟೆ: ಅಳೆಯುವ ಮೊದಲು ಬದಲಾಯಿಸಬಾರದು. ಸುಲಭವಾದ, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಬೇಕು. ಪ್ರತಿಯೊಂದು ಪರೀಕ್ಷೆಯೂ ಉಳಿದ ಸಾಧ್ಯತೆಗಳಲ್ಲಿ ಸುಮಾರು ಅರ್ಧವನ್ನಾದರೂ ತಳ್ಳಿಹಾಕುವಂತಿರಬೇಕು. ಮೊದಲು ಎರಡು ಮುಳ್ಳುಗಳ ಹೋಲಿಕೆ, ಚಕ್ರಗಳ ಶಾಖ, ಟಯರಿನ ಗಾಳಿ. ಅನಂತರ ಗಾಳಿಶೋಧಕ. ಬಳಿಕ ಗಣಕದ ಸಂಕೇತಗಳು ಮತ್ತು ಅಂಕೆಗಳು. ಆಮೇಲೆ ಇಂಧನದ ಒತ್ತಡ, ಪ್ಲಗ್ಗು, ಸಿಲಿಂಡರಿನ ಒತ್ತಡ, ಹೊಗೆಯ ದಾರಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿ ಗುಣ ಕಂಡರೂ ಯಾವುದರಿಂದ ಕಂಡಿತೆಂದು ತಿಳಿಯುವುದಿಲ್ಲ.

ಕಾರನ್ನು ಮೆಕ್ಯಾನಿಕ್ಕಿಗೆ ಒಪ್ಪಿಸುವ ಮಾಲೀಕನೂ ಇದರಲ್ಲಿ ಪಾಲುಗಾರನಾಗಬಹುದು. "ಎಳೆಯುತ್ತಿಲ್ಲ" ಎಂಬ ಒಂದು ಮಾತಿನ ಬದಲು, ತಣ್ಣಗಿರುವಾಗಲೋ ಬಿಸಿಯಾದ ಮೇಲೋ, ಏರಿನಲ್ಲೋ ಸಮತಟ್ಟಿನಲ್ಲೋ, ಒಮ್ಮೆಗೇ ಬಂದಿತೋ ಮೆಲ್ಲಗೆ ಬಂದಿತೋ, ಯಾವ ಪೆಟ್ರೋಲು ಹಾಕಿಸಿದ ಮೇಲೆ ಕಂಡಿತು ಎಂಬುದನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಅರ್ಧ ಪರೀಕ್ಷೆ ಮುಗಿದಂತೆಯೇ.

ಎರಡು ಎಚ್ಚರಿಕೆಗಳನ್ನು ಮರೆಯಕೂಡದು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ನನ್ನು ಎಂದಿಗೂ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ರಕ್ತದ ಹಿಮೊಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಹಿಡಿದುಕೊಳ್ಳುತ್ತದೆ. ಇನ್ನು, ಕಾರು ಸೊರಗಿದೆಯೆಂದು ತಿಳಿದ ದಿನದಿಂದ ಅದು ಗುಣವಾಗುವ ತನಕ ಮುಂದಿನ ವಾಹನವನ್ನು ದಾಟುವ ಆತುರ ಬೇಡ. ಲಾರಿಯ ಹಿಂದೆ ಹತ್ತು ನಿಮಿಷ ತಾಳುವುದರಿಂದ ನಷ್ಟವಾಗುವುದು ಹತ್ತು ನಿಮಿಷ ಮಾತ್ರ.